ಶೀಲಾ ಗೌಡ ಅವರ ಕಲಾಪ್ರದರ್ಶನ: ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಮಿಲಾನ್ ನಗರದಲ್ಲಿ 2019ರಲ್ಲಿ ನಡೆದ ಶೀಲಾ ಗೌಡ ಅವರ ‘ರಿಮೇನ್ಸ್’ ಪ್ರದರ್ಶನವನ್ನೂ ಅದರ ಹಿಂದುಮುಂದಿನ ಕೆಲವು ಪ್ರದರ್ಶನಗಳನ್ನೂ ಕುರಿತು ಕನ್ನಡದ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇಲ್ಲಿ ಬರುವ ಕೃತಿಗಳೆಲ್ಲವೂ ಒಂದೇ ಪ್ರದರ್ಶನಕ್ಕೆ ಸೇರಿದವಲ್ಲ. ಕೆಲವು ಕೃತಿಗಳು ಯಾವ ಊರಿನಲ್ಲಿ ಕಾಣಿಸಿಕೊಂಡವು ಎಂಬುದನ್ನು ಆಯಾ ಸಂದರ್ಭದಲ್ಲಿ ಹೇಳಲಾಗಿದೆ.

ಶೀಲಾ ಗೌಡ ಯಾರು?

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನೆಲೆಸಿ, ಅಲ್ಲಿಂದಲೇ ಕೆಲಸ ಮಾಡುತ್ತಿರುವ ಕಲಾವಿದೆ. ಆರ್. ಎಂ. ಹಡಪದ್ ಅವರು ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಮೊದಲು ಕಲಿತರು. ಆಮೇಲೆ ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಓದಿ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಂದರೆ ಅವರ ಶಿಕ್ಷಣವೆಲ್ಲ ಚಿತ್ರಕಲೆಯದು. ಇಂದು ಅವರ ಹೆಸರಿನೊಂದಿಗೆ ನೆನಪಾಗುವ ಸಗಣಿ, ಕುಂಕುಮ, ಕೂದಲು, ಡಾಂಬರಿನ ಡ್ರಮ್ಮು ಇವು ಯಾವುವೂ ತರಗತಿಯಲ್ಲಿ ಕಲಿತವಲ್ಲ ಎಂಬುದನ್ನು ಇಲ್ಲಿಯೇ ಗಮನಿಸಿಕೊಳ್ಳುವುದು ಒಳ್ಳೆಯದು.

‘ರಿಮೇನ್ಸ್’ ಎಲ್ಲಿ, ಯಾವಾಗ ನಡೆಯಿತು?

ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕ್ಕಾ ಎಂಬ ಸಮಕಾಲೀನ ಕಲೆಯ ಕೇಂದ್ರದಲ್ಲಿ 2019ರ ಏಪ್ರಿಲ್ 4ರಿಂದ ಸೆಪ್ಟೆಂಬರ್ 15ರವರೆಗೆ ನಡೆಯಿತು. ಇಟಲಿಯಲ್ಲಿ ಇದು ಅವರ ಮೊದಲ ಏಕವ್ಯಕ್ತಿ ಪ್ರದರ್ಶನ. ನುರಿಯಾ ಎಂಗಿಟಾ ಮತ್ತು ಲೂಚಿಯಾ ಆಸ್ಪೆಸಿ ಇಬ್ಬರೂ ಸೇರಿ ಇದನ್ನು ಸಂಯೋಜಿಸಿದ್ದರು. ಮಿಲಾನಿನ ನಂತರ ಪ್ರದರ್ಶನವು ಸ್ಪೇನಿನ ವೆಲೆನ್ಸಿಯಾ ನಗರದ ಬೊಂಬಾಸ್ ಜೆನ್ಸ್ ಕಲಾಕೇಂದ್ರಕ್ಕೂ ಹೋಯಿತು.

ಅದು ವಸ್ತುಸಂಗ್ರಹಾಲಯವೇ? ಒಳಗೆ ಹೋಗಲು ಟಿಕೆಟ್ ಬೇಕೇ?

ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಸಂಗ್ರಹಾಲಯವಲ್ಲ, ಏಕೆಂದರೆ ಕಲಾಕೃತಿಗಳನ್ನು ಕೊಂಡು ಕೂಡಿಡುವುದು ಅದರ ಮುಖ್ಯ ಕೆಲಸವಲ್ಲ. ದೊಡ್ಡ ಪ್ರದರ್ಶನಗಳನ್ನು ಏರ್ಪಡಿಸುವ ಪ್ರತಿಷ್ಠಾನ ಅದು. ಪ್ರವೇಶ ಉಚಿತ. ರೈಲ್ವೆ ಎಂಜಿನ್ನುಗಳನ್ನು ತಯಾರಿಸುತ್ತಿದ್ದ ಬ್ರೆಡಾ ಕಂಪನಿಯ ಕಾರ್ಖಾನೆಯ ಭಾಗವಾಗಿದ್ದ ಕಟ್ಟಡವನ್ನು 2004ರಲ್ಲಿ ಕಲೆಗಾಗಿ ತೆರೆಯಲಾಯಿತು. ಸುಮಾರು 15,000 ಚದರ ಮೀಟರಿನ ಆ ಜಾಗದಲ್ಲಿ ಜರ್ಮನಿಯ ಕಲಾವಿದ ಆನ್ಸೆಲ್ಮ್ ಕೀಫರ್ ಅವರ ಏಳು ಕಾಂಕ್ರೀಟ್ ಗೋಪುರಗಳು ಆಗಿನಿಂದ ಶಾಶ್ವತವಾಗಿ ನಿಂತಿವೆ. ಭದ್ರಾವತಿಯಂಥ ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಹುಟ್ಟಿದವರ ಕೃತಿಗಳು ಎಂಜಿನ್ ಕಾರ್ಖಾನೆಯೊಂದರ ನೆಲದ ಮೇಲೆ ಬಂದು ಕುಳಿತದ್ದು ಆಕಸ್ಮಿಕವೇ ಇರಬಹುದು, ಆದರೂ ಕನ್ನಡಿಗರ ಕಣ್ಣಿಗೆ ಅದು ಬೀಳದೆ ಹೋಗುವುದಿಲ್ಲ.

‘ರಿಮೇನ್ಸ್’ ಎಂಬ ಹೆಸರಿನ ಅರ್ಥವೇನು?

ಆ ಇಂಗ್ಲಿಷ್ ಪದಕ್ಕೆ ‘ಉಳಿದದ್ದು’ ಎಂಬ ಅರ್ಥವೂ ಇದೆ, ‘ಉಳಿಯುತ್ತದೆ’ ಎಂಬ ಅರ್ಥವೂ ಇದೆ, ಸತ್ತ ದೇಹದ ಅವಶೇಷವೆಂಬ ಅರ್ಥವೂ ಇದೆ. ಮೂರೂ ಇಲ್ಲಿ ಹೊಂದುತ್ತವೆ. ಅಗರಬತ್ತಿ ಉರಿದ ಮೇಲೆ ಉಳಿಯುವ ಬೂದಿ, ರಸ್ತೆಗೆ ಸುರಿದ ಮೇಲೆ ಉಳಿಯುವ ಡಾಂಬರಿನ ಖಾಲಿ ಡ್ರಮ್ಮು, ಮುಡಿ ಕೊಟ್ಟ ಮೇಲೆ ಉಳಿಯುವ ಕೂದಲು, ಮಿಕ್ಸಿ ಬಂದ ಮೇಲೆ ಮನೆಯ ಹೊರಗೆ ಉಳಿದ ಒರಳುಕಲ್ಲು: ಶೀಲಾ ಗೌಡ ಅವರು ಕೈಗೆತ್ತಿಕೊಳ್ಳುವುದು ಹೆಚ್ಚಾಗಿ ಇಂಥವನ್ನೇ. ಕನ್ನಡದಲ್ಲಿ ‘ಉಳಿಕೆ’ ಎಂದರೆ ಸಾಕಷ್ಟು ಹತ್ತಿರ ಬರುತ್ತದೆ.

ಚಿತ್ರ ಬರೆಯುತ್ತಿದ್ದವರು ಸಗಣಿಯನ್ನು ಏಕೆ ಆರಿಸಿಕೊಂಡರು?

1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿದ ಬಳಿಕ ಮುಂಬಯಿಯಲ್ಲಿ ನಡೆದ ಗಲಭೆಗಳ ಹಿನ್ನೆಲೆಯಲ್ಲಿ, ಕ್ಯಾನ್ವಾಸಿನ ಮೇಲೆ ಬಣ್ಣ ಹಚ್ಚುವುದರಿಂದ ತಮಗೆ ಹೇಳಬೇಕಾದುದನ್ನು ಹೇಳಲಾಗುತ್ತಿಲ್ಲ ಎಂಬ ಸ್ಥಿತಿಗೆ ಬಂದ ಹಲವು ಭಾರತೀಯ ಕಲಾವಿದರಲ್ಲಿ ಇವರೂ ಒಬ್ಬರು. ಆ ಹೊತ್ತಿಗೆ ಇವರು ಸಗಣಿಯ ಕಡೆಗೆ ತಿರುಗಿದರು. ನಮ್ಮಲ್ಲಿ ಸಗಣಿಯೆಂಬುದು ಒಂದೇ ವಸ್ತುವಲ್ಲ. ಅಂಗಳ ಸಾರಿಸುವಾಗ ಅದು ಶುದ್ಧಿ, ಗೋಡೆಗೆ ತಟ್ಟಿದಾಗ ಬೆರಣಿಯಾಗಿ ಒಲೆಗೆ ಸೌದೆ, ಹೊಲದಲ್ಲಿ ಗೊಬ್ಬರ, ಪೂಜೆಯಲ್ಲಿ ಗರಿಕೆ ಸಿಕ್ಕಿಸಿಕೊಂಡ ಬೆನಕ. ಹಸುವಿನ ಹೆಸರಿನಲ್ಲಿ ಹಿಂಸೆಯ ಮಾತು ಏಳುವ ಕಾಲದಲ್ಲಿ ಅದೇ ಹಸುವಿನಿಂದ ಬರುವ, ಪವಿತ್ರವೂ ಹೌದು ಹೊಲಸೂ ಹೌದು ಎನ್ನಿಸುವ ಪದಾರ್ಥವನ್ನು ಕಲೆಯ ನಡುವೆ ತಂದಿಡುವುದರಲ್ಲಿ ಒಂದು ರಾಜಕೀಯ ಮಾತು ಇತ್ತು.

ಇನ್ನೊಂದು ಮಾತನ್ನೂ ಇದಕ್ಕೆ ಸೇರಿಸಬೇಕು. ಸಗಣಿ ಎತ್ತುವ, ಕಲಸುವ, ತಟ್ಟುವ ಕೆಲಸ ನಮ್ಮ ಹಳ್ಳಿಗಳಲ್ಲಿ ಬಹುಮಟ್ಟಿಗೆ ಹೆಂಗಸರದು. ಶೀಲಾ ಗೌಡ ಅವರ ಮುಂದಿನ ಕೃತಿಗಳಲ್ಲೆಲ್ಲ ಹರಿದುಬರುವ ಒಂದು ಎಳೆ, ಅಂದರೆ ದಿನವೂ ನಡೆಯುವ, ಯಾರೂ ಲೆಕ್ಕಕ್ಕೆ ಹಿಡಿಯದ ದುಡಿಮೆಯ ಎಳೆ, ಇಲ್ಲಿಂದಲೇ ಶುರುವಾಗುತ್ತದೆ.

ಕುಂಕುಮದ ಕೆಂಪು ಹಗ್ಗದ ಕೃತಿಯನ್ನು ಹೇಗೆ ಮಾಡಿದ್ದಾರೆ?

‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬುದು ಆ ಕೃತಿಯ ಹೆಸರು. 1998ರಲ್ಲಿ ಮೊದಲ ರೂಪ ಪಡೆದು ಆಮೇಲೆಯೂ ಬೇರೆ ಬೇರೆ ಆವೃತ್ತಿಗಳಲ್ಲಿ ಬಂದಿದೆ. ವಿಧಾನ ಕೇಳಲು ಸರಳ. ಒಂದು ಹೊಲಿಗೆಯ ಸೂಜಿಗೆ ಬಹು ಉದ್ದದ ದಾರವೊಂದನ್ನು ಪೋಣಿಸಿ, ಸೂಜಿ ದಾರದ ನಟ್ಟನಡುವೆ ಬಂದು ನಿಲ್ಲುವವರೆಗೆ ಎಳೆಯಬೇಕು. ಹೀಗೆ ಒಂದರ ಮೇಲೊಂದರಂತೆ ಹತ್ತಾರು ಸೂಜಿಗಳಿಗೆ ಮಾಡಿ, ಎಲ್ಲ ಎಳೆಗಳನ್ನೂ ಒಟ್ಟುಗೂಡಿಸಿ, ಕುಂಕುಮವನ್ನು ಗೋಂದಿನಲ್ಲಿ ಕಲಸಿ ಹಚ್ಚಿ ಒಂದು ಹಗ್ಗವಾಗಿಸಬೇಕು. ಕೊನೆಯಲ್ಲಿ ಸೂಜಿಗಳೆಲ್ಲ ಒಂದು ಗೊಂಚಲಾಗಿ ಜೋತುಬೀಳುತ್ತವೆ.

ದೂರದಿಂದ ನೋಡಿದವರಿಗೆ ಅದು ಗಾಳಿಯಲ್ಲಿ ಎಳೆದ ಕೆಂಪು ಗೆರೆ. ಕೆಲವರಿಗೆ ಹೊಕ್ಕುಳಬಳ್ಳಿ ನೆನಪಾದೀತು, ಕೆಲವರಿಗೆ ರಕ್ತನಾಳ. ಹತ್ತಿರ ಹೋದಾಗ ಸೂಜಿಗಳು ಕಾಣುತ್ತವೆ. ಆಗ ಆ ಗೆರೆಯ ಪ್ರತಿಯೊಂದು ಅಂಗುಲವೂ ಒಂದು ಸಣ್ಣ ಕಣ್ಣಿನೊಳಗಿಂದ ಹಾದುಬಂದಿದೆ ಎಂಬುದು ಹೊಳೆದು, ಕೈ ತಾನಾಗಿ ಬೆರಳ ತುದಿಯನ್ನು ಸವರಿಕೊಳ್ಳುತ್ತದೆ. ಹೆಸರಿನ ಬಗ್ಗೆಯೂ ಒಂದು ಮಾತು: ‘ನನ್ನ ನೋವನ್ನು ಅವನಿಗೆ ಹೇಳು’ ಎಂಬುದು ಸಖಿಯ ಮೂಲಕ ಕಳಿಸುವ ಸಂದೇಶದ ಧಾಟಿ. ನಮ್ಮ ಹಾಡುಗಳಲ್ಲಿ ಈ ಧಾಟಿ ಎಷ್ಟು ಹಳೆಯದೆಂದು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಕೃತಿಯ ಒಂದು ಆವೃತ್ತಿ ಅಮೆರಿಕದ ಮಿನಿಯಾಪೊಲಿಸ್‌ನ ವಾಕರ್ ಆರ್ಟ್ ಸೆಂಟರಿನ ಸಂಗ್ರಹದಲ್ಲಿದೆ.

ಅಷ್ಟೊಂದು ಕೂದಲು ಎಲ್ಲಿಂದ ಬಂತು?

ಈ ಪ್ರಶ್ನೆ ಹುಟ್ಟುವುದು ‘ಬಿಹೋಲ್ಡ್’ ಎಂಬ ಕೃತಿಯನ್ನು ನೋಡಿದವರಿಂದ. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ 2009ರಲ್ಲಿ ಮೊದಲು ಪ್ರದರ್ಶಿತವಾದ ಇದರಲ್ಲಿ ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗವೂ ಕಾರುಗಳ 20 ಬಂಪರುಗಳೂ ಇವೆ. ಹೊಳೆಯುವ ಲೋಹದ ಬಂಪರುಗಳನ್ನು ಗೋಡೆಯ ಮೇಲೆ ಎತ್ತಿ ಹಿಡಿದಿರುವುದು ಆ ಹಗ್ಗವೇ. ಉಳಿದದ್ದು ಕಪ್ಪು ರಾಶಿಯಾಗಿ ನೆಲದ ಮೇಲೆ ಸುರುಳಿಗೊಂಡಿರುತ್ತದೆ.

ಹೊಸ ಗಾಡಿಗೆ ದೃಷ್ಟಿಯಾಗದಿರಲೆಂದು ಬಂಪರಿಗೆ ಕಪ್ಪು ಕೂದಲಿನ ಹಗ್ಗ ಕಟ್ಟುವುದನ್ನು ಬೆಂಗಳೂರಿನ ಬೀದಿಗಳಲ್ಲಿ ನಾವೆಲ್ಲ ನೋಡಿದ್ದೇವೆ. ಕೃತಿಯ ಮೂಲ ಅದೇ. ದೇವಸ್ಥಾನಗಳಲ್ಲಿ ಭಕ್ತರು ಹರಕೆಯಾಗಿ ಒಪ್ಪಿಸುವ ಮುಡಿಯಲ್ಲಿ ಉದ್ದನೆಯ ಕೂದಲು ಹರಾಜಾಗಿ ವಿಗ್ಗು ಮಾಡುವವರ ಕೈಗೆ ಹೋಗುತ್ತದೆ. ಹೆಚ್ಚು ಬೆಲೆ ಬಾರದ ಗಿಡ್ಡ ಕೂದಲು ಹೀಗೆ ಹಗ್ಗವಾಗಿ ಬೀದಿಗೆ ಬರುತ್ತದೆ. ಒಬ್ಬರ ದೇಹದಿಂದ ಭಕ್ತಿಯಾಗಿ ಕಳಚಿದ್ದು ಮತ್ತೊಬ್ಬರ ಕಾರಿಗೆ ಭಯದ ರಕ್ಷೆಯಾಗುವ ಈ ದಾರಿಯಲ್ಲಿ ದೇವರು, ಹಣ, ಕೂಲಿ ಮೂರೂ ಕೈಬದಲಾಯಿಸುತ್ತವೆ. ವೆನಿಸ್ಸಿನಲ್ಲಿ ಅದನ್ನು ನೋಡಿದ ಪರದೇಶದವರಿಗೆ ಕೂದಲಿನ ರಾಶಿ ಕೈದಿಗಳ ತಲೆ ಬೋಳಿಸುತ್ತಿದ್ದ ಎರಡನೆಯ ಮಹಾಯುದ್ಧದ ಯಾತನಾ ಶಿಬಿರಗಳನ್ನು ನೆನಪಿಸಿದರೆ ಅದನ್ನು ತಪ್ಪು ಓದು ಎನ್ನುವಂತಿಲ್ಲ. ವಸ್ತುವೊಂದು ಊರು ಬಿಟ್ಟು ಹೊರಟ ಮೇಲೆ ಅದರ ನೆನಪುಗಳನ್ನು ನಾವೊಬ್ಬರೇ ಹಿಡಿದಿಟ್ಟುಕೊಳ್ಳಲಾಗದು. ‘ಬಿಹೋಲ್ಡ್’ ಈಗ ಬ್ರಿಟನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ.

ಡಾಂಬರಿನ ಡ್ರಮ್ಮುಗಳಿಂದ ಕಟ್ಟಿದ ಗುಡಿಸಲಿನೊಳಗೆ ಹೋಗಬಹುದೇ?

2006ರ ‘ಡಾರ್ಕ್‌ರೂಮ್’ ಬಗೆಗಿನ ಪ್ರಶ್ನೆ ಇದು. ಇಡೀ ಡ್ರಮ್ಮುಗಳನ್ನು ಕಂಬದಂತೆ ನಿಲ್ಲಿಸಿ, ಬಿಚ್ಚಿ ಚಪ್ಪಟೆಯಾಗಿಸಿದ ತಗಡುಗಳನ್ನು ಸೇರಿಸಿ ಕಟ್ಟಿದ ಈ ರಚನೆ ಹೊರಗಿನಿಂದ ಒಂದು ಪುಟ್ಟ ಕೋಟೆಯಂತೆಯೂ, ರಸ್ತೆ ಕೆಲಸದವರು ದಾರಿಬದಿಯಲ್ಲಿ ಅದೇ ತಗಡಿನಿಂದ ಹಾಕಿಕೊಳ್ಳುವ ಜೋಪಡಿಯಂತೆಯೂ ಕಾಣುತ್ತದೆ. ಒಳಗೆ ಹೋಗಲು ಬಗ್ಗಬೇಕು. ಒಳಗೆ ಕತ್ತಲು, ತಲೆಯೆತ್ತಿದರೆ ಮಾಡಿನ ತಗಡಿನಲ್ಲಿ ಕೊರೆದ ಸಣ್ಣ ತೂತುಗಳಿಂದ ಬೆಳಕು ಇಳಿದು ನಕ್ಷತ್ರಗಳ ಹಾಗೆ ಹರಡಿರುತ್ತದೆ. ಆ ಬೆಳಕನ್ನು ನೋಡಿ ಮೈಮರೆಯುವುದು ಸುಲಭ, ಆದರೆ ಮಳೆ ಬಂದಾಗ ಅಂಥದೇ ತೂತುಗಳಿಂದ ನೀರು ಸೋರುವುದನ್ನು ಬಲ್ಲವರಿಗೆ ಆ ಚೆಲುವು ಸ್ವಲ್ಪ ಚುಚ್ಚುತ್ತದೆ.

ಅದೇ ಡ್ರಮ್ಮಿನ ತಗಡು 2008ರ ‘ಕಾಗೆಬಂಗಾರ’ದಲ್ಲಿ ಟಾರ್ಪಾಲಿನ ಜೊತೆ ಬಣ್ಣದ ದೊಡ್ಡ ಚೌಕಗಳಾಗಿ ಬರುತ್ತದೆ. 2017ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಐಕಾನ್ ಗ್ಯಾಲರಿಯ ಪ್ರದರ್ಶನದ ಹೊತ್ತಿನ ‘ವಾಟ್ ಯೆಟ್ ರಿಮೇನ್ಸ್’ನಲ್ಲಿ ತಗಡಿನಿಂದ ಗುಂಡಗೆ ಕತ್ತರಿಸಿ ಮಾಡುವ ಬಾಂಡ್ಲಿಗಳೂ, ಕತ್ತರಿಸಿದ ಮೇಲೆ ಗುಂಡು ತೂತುಗಳೊಂದಿಗೆ ಉಳಿಯುವ ತಗಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಗಾರೆ ಕೆಲಸದವರ ತಲೆಯ ಮೇಲಿನ ಬಾಂಡ್ಲಿ ಎಲ್ಲಿಂದ ಬಂತೆಂದು ನಾವು ಕೇಳಿಕೊಂಡಿರುವುದಿಲ್ಲ, ಉತ್ತರ ಅಲ್ಲಿದೆ.

ಪ್ರದರ್ಶನದ ಕೋಣೆಯಲ್ಲಿ ಅಗರಬತ್ತಿ ಹಚ್ಚುತ್ತಾರೆಯೇ?

ಅಗರಬತ್ತಿಯನ್ನಲ್ಲ, ಅದನ್ನು ಹೊಸೆಯಲು ಬಳಸುವ ಕಣಕವನ್ನು. 2007ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ಡಾಕ್ಯುಮೆಂಟಾದ 12ನೆಯ ಆವೃತ್ತಿಯಲ್ಲಿದ್ದ ‘ಕೊಲ್ಯಾಟರಲ್’ನಲ್ಲಿ, ಇದ್ದಿಲ ಪುಡಿ ಮತ್ತು ಮರದ ತೊಗಟೆಯ ಪುಡಿಯ ಕಣಕವನ್ನು ಕೈಯಿಂದ ಬಗೆಬಗೆಯ ಆಕಾರಗಳಲ್ಲಿ ನಾದಿ, ಚೌಕಟ್ಟಿಗೆ ಬಿಗಿದ ಜಾಲರಿಗಳ ಮೇಲೆ ಜೋಡಿಸಿ, ಉರಿಸಿ ಬಿಡಲಾಗಿತ್ತು. ಉರಿಯುವುದು ನಿಧಾನವಾಗಿ, ಜ್ವಾಲೆಯಿಲ್ಲದೆ. ಪ್ರೇಕ್ಷಕರು ನೋಡುವುದು ಬೂದಿಯನ್ನು: ಆಕಾರ ಕೆಡದೆ ಹಾಗೆಯೇ ಉಳಿದ, ಜೋರಾಗಿ ಉಸಿರುಬಿಟ್ಟರೆ ಚೆದುರಿಹೋಗುವ ಬೂದಿ. ಮೇಲಿನಿಂದ ಅದು ಬಾಂಬಿಗೆ ಸುಟ್ಟ ಊರಿನ ನಕ್ಷೆಯಂತಿರುತ್ತದೆ. ಯುದ್ಧದ ವರದಿಗಳಲ್ಲಿ ಸಾಮಾನ್ಯ ಜನರ ಸಾವುನೋವನ್ನು ‘ಕೊಲ್ಯಾಟರಲ್ ಡ್ಯಾಮೇಜ್’ ಎನ್ನುತ್ತಾರೆಂದು ಬಲ್ಲವರಿಗೆ ಹೆಸರೇ ಅರ್ಧ ಹೇಳಿಬಿಡುತ್ತದೆ.

ಇವರ ಒರಳುಕಲ್ಲುಗಳ ಕೃತಿ ಕೊಚ್ಚಿಯಲ್ಲಿ ಇತ್ತಲ್ಲವೇ?

ಹೌದು. 2012ರ ಡಿಸೆಂಬರ್ 12ರಂದು ಆರಂಭವಾದ ಮೊದಲ ಕೊಚ್ಚಿ-ಮುಜಿರಿಸ್ ಬಿಯೆನಾಲೆಯಲ್ಲಿ, ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಎಂಬ ಹಳೆಯ ವ್ಯಾಪಾರಿ ಕಟ್ಟಡದ ಆವರಣದಲ್ಲಿ, ಶೀಲಾ ಗೌಡ ಮತ್ತು ಸ್ವಿಟ್ಜರ್‌ಲೆಂಡ್ ಮೂಲದ ಕಲಾವಿದ ಕ್ರಿಸ್ಟೊಫ್ ಸ್ಟೋರ್ಟ್ಜ್ ಜೊತೆಗೂಡಿ ‘ಸ್ಟಾಪೋವರ್’ ಎಂಬ ಕೃತಿಯನ್ನು ರೂಪಿಸಿದರು. ಬೆಂಗಳೂರಿನ ಬೀದಿಗಳಿಂದ ಸಂಗ್ರಹಿಸಿದ 170ರಷ್ಟು ಕಲ್ಲುಗಳನ್ನು ಅಲ್ಲಿಗೆ ಸಾಗಿಸಲಾಗಿತ್ತು.

ಈ ಕಲ್ಲುಗಳು ಬೀದಿಗೆ ಬಂದದ್ದು ಹೇಗೆ ಎಂಬುದರಲ್ಲಿಯೇ ಕತೆಯಿದೆ. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಅಡುಗೆಮನೆಯ ಒರಳಿಗೆ ಜಾಗವಿರುವುದಿಲ್ಲ, ಮಿಕ್ಸಿ ಗ್ರೈಂಡರುಗಳು ಬಂದ ಮೇಲೆ ಅದರ ಕೆಲಸವೂ ಇರುವುದಿಲ್ಲ. ಆದರೆ ಮದುವೆಯ ಶಾಸ್ತ್ರಕ್ಕೂ ಹಬ್ಬದ ಪೂಜೆಗೂ ಅರಿಸಿನ ಕುಂಕುಮ ಹಚ್ಚಿಸಿಕೊಂಡ ಕಲ್ಲನ್ನು ಒಡೆದುಹಾಕಲು ಯಾರಿಗೂ ಮನಸ್ಸು ಬಾರದು. ಹಾಗಾಗಿ ಅದನ್ನು ಸದ್ದಿಲ್ಲದೆ ರಸ್ತೆಯಂಚಿಗೆ ಉರುಳಿಸಿ ಬರುತ್ತಾರೆ, ಅದು ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಸಂಬಾರ ಪದಾರ್ಥಗಳು ಹಡಗು ಹತ್ತುತ್ತಿದ್ದ ಬಂದರಿನ ಊರಿನಲ್ಲಿ, ಅವನ್ನು ಅರೆಯುತ್ತಿದ್ದ ಕಲ್ಲುಗಳು ಯಾವ ಹಡಗಿಗೋ ಕಾಯುತ್ತಿರುವಂತೆ ಸಾಲಾಗಿ ನಿಂತಿದ್ದವು. ಈ ಪುಟದಲ್ಲಿ ಹೇಳಿದ ಕೃತಿಗಳಲ್ಲೆಲ್ಲ ಕರ್ನಾಟಕದವರಿಗೆ ಕರುಳಿಗೆ ಹತ್ತಿರವಾಗುವುದು ಇದೇ ಎಂಬುದು ನಮ್ಮ ಅನಿಸಿಕೆ.

‘ಇದನ್ನು ನಾನೂ ಮಾಡಬಹುದಿತ್ತು’ ಎನಿಸಿದರೆ?

ಅನಿಸುವುದು ಸಹಜ, ಅದರಲ್ಲೂ ಮನೆಯ ಹಿತ್ತಿಲಿನಲ್ಲಿ ಕಂಡ ವಸ್ತುಗಳೇ ಎದುರಿಗಿದ್ದಾಗ. ಒಂದು ಪರೀಕ್ಷೆ ಮಾಡಿ ನೋಡಬಹುದು: ಕೃತಿಯಲ್ಲಿ ಎಷ್ಟು ಕೈಗಳ ಎಷ್ಟು ದಿನದ ಕೆಲಸವಿದೆಯೆಂದು ಮನಸ್ಸಿನಲ್ಲೇ ಎಣಿಸುತ್ತ ಹೋಗುವುದು. 4,000 ಮೀಟರ್ ಕೂದಲಿನ ಹಗ್ಗವನ್ನು ಒಬ್ಬರೇ ಹೊಸೆದಿರಲಾರರು. ಅಷ್ಟಕ್ಕೂ ಹಗ್ಗ ಹೊಸೆಯುವವರೇನೂ ಅದನ್ನು ಕಲೆಯೆಂದುಕೊಂಡು ಮಾಡುವುದಿಲ್ಲ. ಹಾಗಾದರೆ ಗೌರವವೆಲ್ಲ ಕಲಾವಿದೆಗೆ ಮಾತ್ರ ಏಕೆ ಎಂದು ಕೇಳುವವರೂ ಇದ್ದಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಇವರ ಕೃತಿಗಳು ಆ ಪ್ರಶ್ನೆಯನ್ನು ಮುಚ್ಚಿಡದೆ ಎದುರಿಗೇ ಇಡುತ್ತವೆ ಎಂಬಷ್ಟನ್ನು ಮಾತ್ರ ಹೇಳಬಹುದು. ವಸ್ತುವನ್ನು ಚೆಂದಗೊಳಿಸಿ ಅದರ ದುಡಿಮೆಯನ್ನು ಅಳಿಸುವ ಕಲೆ ಬೇಕಾದಷ್ಟಿದೆ. ಇಲ್ಲಿ ಸೂಜಿಯೂ ಗಂಟೂ ಮಸಿಯೂ ಕಾಣುವಂತೆಯೇ ಉಳಿದಿರುತ್ತವೆ.

ಒಂದೇ ಕೃತಿ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಕಾಣುವುದೇಕೆ?

ಕನ್ನಡದಲ್ಲಿ ‘ಪ್ರತಿಷ್ಠಾಪನಾ ಕಲೆ’ ಎಂದು ಕರೆಯುವ, ಬಳಕೆಯಲ್ಲಿ ಇನ್‌ಸ್ಟಲೇಶನ್ ಎನ್ನುವ ಈ ಪ್ರಕಾರದಲ್ಲಿ ಜಾಗವೂ ಕೃತಿಯ ಭಾಗ. ಕೆಂಪು ಹಗ್ಗವನ್ನು ಪ್ರತಿ ಸಲವೂ ಆಯಾ ಕೋಣೆಯ ಗೋಡೆ, ಎತ್ತರ, ಬೆಳಕು ನೋಡಿ ಹೊಸದಾಗಿ ಇಳಿಬಿಡಲಾಗುತ್ತದೆ. ಆದ್ದರಿಂದ ಹಿಂದಿನ ಪ್ರದರ್ಶನದ ಫೋಟೋವನ್ನು ಹಿಡಿದುಕೊಂಡು ಹೋಲಿಸುವ ಅಗತ್ಯವಿಲ್ಲ.

ಪ್ರದರ್ಶನದ ಜೊತೆಗೆ ಯಾವ ಕಾರ್ಯಕ್ರಮಗಳಿರುತ್ತವೆ?

ಹ್ಯಾಂಗರ್‌ಬಿಕೊಕ್ಕಾದಲ್ಲಿ ಕೃತಿಗಳ ಬಳಿಯೇ ನಿಂತು ಪ್ರೇಕ್ಷಕರೊಂದಿಗೆ ಮಾತನಾಡುವ, ಕೇಳಿದರೆ ವಿವರಿಸುವ ಸಿಬ್ಬಂದಿ ಇರುತ್ತಾರೆ. ಮಕ್ಕಳಿಗೆ ಕೈಕೆಲಸದ ಕಮ್ಮಟಗಳನ್ನೂ ಆ ಸಂಸ್ಥೆ ನಡೆಸುತ್ತದೆ.

ಇದೇ ಅವಧಿಯ ಮತ್ತೊಂದು ಮುಖ್ಯ ಸಂಗತಿಯೆಂದರೆ, ಆಸ್ಟ್ರಿಯಾದ ಚಿತ್ರಕಲಾವಿದೆ ಮರಿಯಾ ಲಾಸ್ನಿಗ್ ಅವರ ಹೆಸರಿನ ಪ್ರತಿಷ್ಠಾನವು ಕೊಡುವ 50,000 ಯೂರೋಗಳ ಪ್ರಶಸ್ತಿಗೆ 2019ರಲ್ಲಿ ಶೀಲಾ ಗೌಡ ಆಯ್ಕೆಯಾದರು. ಎರಡು ವರ್ಷಕ್ಕೊಮ್ಮೆ ಕೊಡುವ ಈ ಪ್ರಶಸ್ತಿ ಎಳೆಯರಿಗಲ್ಲ, ದೀರ್ಘಕಾಲ ಕೆಲಸ ಮಾಡಿಯೂ ಸಾಕಷ್ಟು ಗಮನ ಸಿಗದಿರುವ ನಡುಹರೆಯದ ಕಲಾವಿದರಿಗೆ. ಪ್ರಶಸ್ತಿಯ ಜೊತೆಗೆ ಒಂದು ಪ್ರದರ್ಶನವೂ ಇರುತ್ತದೆ. ಅದರಂತೆ 2020ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಲೆನ್‌ಬಾಖ್‌ಹೌಸ್ ಸಂಗ್ರಹಾಲಯದಲ್ಲಿ ‘ಇಟ್.. ಮ್ಯಾಟರ್ಸ್’ ಎಂಬ ಪ್ರದರ್ಶನ ನಡೆಯಿತು. ಕೊರೋನಾದ ವರ್ಷವಾದ್ದರಿಂದ ದೂರದವರು ಹೋಗಿ ನೋಡುವುದು ಕಷ್ಟವಾಯಿತು.

ಕೃತಿಗಳನ್ನು ಮುಟ್ಟಬಹುದೇ?

ಮುಟ್ಟಬಾರದು. ಕುಂಕುಮ ಕೈಗೆ ಹತ್ತುತ್ತದೆ, ಬೂದಿ ಉದುರುತ್ತದೆ, ಕೂದಲಿನ ಹಗ್ಗ ಜಾರುತ್ತದೆ. ಒಳಹೊಕ್ಕು ನೋಡಬೇಕಾದ ಕೃತಿಯಿದ್ದರೆ ಸಿಬ್ಬಂದಿಯೇ ತಿಳಿಸುತ್ತಾರೆ. ಹತ್ತಿರ ನಿಂತು ವಾಸನೆ ಹಿಡಿಯಲು ಅಡ್ಡಿಯಿಲ್ಲ.

ಕೃತಿಗಳಿಗೆ ಇಂಗ್ಲಿಷ್ ಹೆಸರುಗಳೇ ಹೆಚ್ಚೇಕೆ? ‘ಕಾಗೆಬಂಗಾರ’ ಎಂದರೇನು?

ಅಂತರರಾಷ್ಟ್ರೀಯ ಪ್ರದರ್ಶನಗಳಲ್ಲಿ ಇಂಗ್ಲಿಷ್ ಹೆಸರಿಡುವುದು ರೂಢಿ. ಆ ಸಾಲಿನ ನಡುವೆ ‘ಕಾಗೆಬಂಗಾರ’ ಎಂಬ ಕನ್ನಡ ಪದ ರೋಮನ್ ಲಿಪಿಯಲ್ಲಿ ಹಾಗೆಯೇ ಇರುವುದು ಕನ್ನಡ ಬಲ್ಲವರಿಗೊಂದು ಸಣ್ಣ ಉಡುಗೊರೆ. ಕಾಗೆಬಂಗಾರವೆಂದರೆ ಅಭ್ರಕ, ಚಿಕ್ಕಂದಿನಲ್ಲಿ ಮಣ್ಣಿನಲ್ಲಿ ಹೆಕ್ಕಿ, ಪದರ ಪದರವಾಗಿ ಸುಲಿದು, ಬಿಸಿಲಿಗೆ ಹಿಡಿದು ಮಿನುಗಿಸಿದ್ದು. ಹೊಳೆಯುತ್ತದೆ, ಆದರೆ ಚಿನ್ನವಲ್ಲ, ಚಿನ್ನವಲ್ಲದಿದ್ದರೂ ಹೊಳೆಯುತ್ತದೆ. ಡಾಂಬರಿನ ತಗಡಿನ ಕೃತಿಗೆ ಈ ಹೆಸರು ಏಕೆ ಒಪ್ಪುತ್ತದೆಂದು ಪರಭಾಷೆಯವರಿಗೆ ಅಡಿಟಿಪ್ಪಣಿ ಬೇಕಾಗುತ್ತದೆ.

ಇವರ ಕೃತಿಗಳನ್ನು ಈಗ ಎಲ್ಲಿ ನೋಡಬಹುದು?

ಮೇಲೆ ಹೇಳಿದ ಟೇಟ್ ಮತ್ತು ವಾಕರ್ ಸಂಗ್ರಹಗಳಲ್ಲಿ ಅವು ಇವೆ, ಆದರೆ ಸಂಗ್ರಹದಲ್ಲಿರುವ ಕೃತಿ ಯಾವಾಗಲೂ ಗೋಡೆಯ ಮೇಲಿರುವುದಿಲ್ಲ. ಹೊರಡುವ ಮುನ್ನ ಆಯಾ ಸಂಸ್ಥೆಯ ಜಾಲತಾಣದಲ್ಲಿ ಪ್ರದರ್ಶನದಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಭಾರತದಲ್ಲಿ ಇವರ ಕೃತಿಗಳನ್ನು ಬೆಂಗಳೂರಿನಲ್ಲಿ ಹುಟ್ಟಿದ ಗ್ಯಾಲರಿಎಸ್‌ಕೆಇ ಪ್ರದರ್ಶಿಸುತ್ತ ಬಂದಿದೆ. ಇನ್ನು ಒರಳುಕಲ್ಲುಗಳನ್ನು ನೋಡಬೇಕಾದರೆ ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಯಲ್ಲಿ, ಹೊಸದಾಗಿ ಕಟ್ಟಿದ ಮನೆಗಳ ಮುಂದಿನ ಚರಂಡಿಯ ಅಂಚಿನಲ್ಲಿ ಹುಡುಕಬಹುದು.